ಕಾಗದ ಸುಳ್ಳಾದರೆ ನಷ್ಟ ಯಾರದು?

ಮನೆ ಕೊಂಡವರ ಕೈಗೆ ಕೊನೆಯಲ್ಲಿ ಬರುವುದು ಒಂದು ಬೀಗದ ಕೈ ಮತ್ತು ಒಂದು ಕಡತ. ಬೀಗವನ್ನು ಮರುದಿನವೇ ಬದಲಿಸಬಹುದು. ಹಾಗಾಗಿ ತೆತ್ತ ಹಣಕ್ಕೆ ನಿಜವಾಗಿ ದೊರೆತದ್ದು ಆ ಕಡತವೇ. ಅಡಮಾನದಲ್ಲಿರುವ ಮನೆಗೂ ಋಣವಿಲ್ಲದ ಮನೆಗೂ, ಮಾರುವ ಹಕ್ಕಿರುವವರು ತೋರಿಸುವ ಮನೆಗೂ ಹಕ್ಕಿಲ್ಲದವರು ತೋರಿಸುವ ಮನೆಗೂ ಹೊರನೋಟದಲ್ಲಿ ಯಾವ ವ್ಯತ್ಯಾಸವೂ ಕಾಣಿಸುವುದಿಲ್ಲ. ಆದರೂ ಬಾಡಿಗೆಯ ಆದಾಯಕ್ಕಾಗಿ ಆಸ್ತಿ ಕೊಳ್ಳುವವರ ಮಾತುಕತೆಯಲ್ಲಿ ಬಹುಪಾಲು ಹೊತ್ತು ಸ್ಥಳ, ಬೆಲೆ, ಸಾಲದ ಬಡ್ಡಿ, ಬರಬಹುದಾದ ಬಾಡಿಗೆ ಇವುಗಳಲ್ಲೇ ಕಳೆಯುತ್ತದೆ. ಕಾಗದಪತ್ರಗಳ ಸರದಿ ಬರುವುದು ಕಟ್ಟಕಡೆಗೆ. ಬಂದಾಗಲೂ ಅದು ‘ಪೇಪರ್ ಎಲ್ಲಾ ಕ್ಲಿಯರ್ ಇದೆಯಾ?’ ಎಂಬ ಒಂದು ಪ್ರಶ್ನೆ, ‘ಎಲ್ಲಾ ಕ್ಲಿಯರ್ ಇದೆ’ ಎಂಬ ಒಂದು ಉತ್ತರದಲ್ಲಿ ಮುಗಿದುಹೋಗುತ್ತದೆ.

ಆ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಯಾವುದೇ ಪ್ರಮಾಣಪತ್ರವನ್ನು ತೆಗೆದುಕೊಳ್ಳಿ, ಅದು ಯಾರೋ ಒಬ್ಬರು, ಯಾವುದೋ ಒಂದು ದಿನ, ಬಹಳ ಸಣ್ಣದಾದ ಒಂದು ಪ್ರಶ್ನೆಗೆ ಬರೆದುಕೊಟ್ಟ ಉತ್ತರವಷ್ಟೇ. ಬರೆದವರು ಯಾರು, ಬರೆದದ್ದು ಎಂದು, ಯಾವ ವಿಷಯಕ್ಕೆ ಎಂಬ ಮೂರು ಸಂಗತಿಗಳು ಸಾಮಾನ್ಯವಾಗಿ ಕಾಗದದ ಮೇಲೆಯೇ ಇರುತ್ತವೆ, ಓದುವ ತಾಳ್ಮೆ ಇದ್ದರೆ ಸಾಕು. ನಾಲ್ಕನೆಯದು ಅಲ್ಲಿರುವುದಿಲ್ಲ, ಅದನ್ನು ನಾವೇ ಕೆದಕಿ ತಿಳಿದುಕೊಳ್ಳಬೇಕು: ಇದರಲ್ಲಿ ಬರೆದಿರುವುದು ನಾಳೆ ಸುಳ್ಳೆಂದು ಗೊತ್ತಾದರೆ ನಷ್ಟವನ್ನು ತುಂಬಿಕೊಡುವವರು ಯಾರು? ಸಹಿ ಹಾಕಿದವರೇ, ಕೊಟ್ಟ ಕಚೇರಿಯೇ, ವಿಮಾ ಕಂಪನಿಯೇ, ಅಥವಾ ನಂಬಿ ಹಣ ಹೂಡಿದ ನಾನೇ? ಒಂದೇ ಬಗೆಯ ಮುದ್ರೆ, ಒಂದೇ ಬಗೆಯ ಸಹಿ ಇರುವ ಎರಡು ಕಾಗದಗಳ ತೂಕ ಬೇರೆಯಾಗುವುದು ಈ ಪ್ರಶ್ನೆಯ ಉತ್ತರದಿಂದ.

ಭೂಮಿಯ ವ್ಯವಹಾರ ಕಾಗದಕ್ಕೆ ಇಳಿದದ್ದೇ ಮನುಷ್ಯರ ಬಾಯಿಮಾತಿನ ಮೇಲೆ ನಂಬಿಕೆ ಕುಸಿದದ್ದರಿಂದ. ಸ್ಕಾಟ್‌ಲೆಂಡ್ 1617ರಲ್ಲಿಯೇ ಭೂಮಿಯ ಹಸ್ತಾಂತರಗಳನ್ನು ದಾಖಲಿಸುವ ಸಾರ್ವಜನಿಕ ವಹಿಯನ್ನು ಆರಂಭಿಸಿತ್ತು. ಇಂಗ್ಲೆಂಡಿನಲ್ಲಿ 1677ರಲ್ಲಿ ಬಂದ ಕಾಯ್ದೆಯ ಪೂರ್ಣ ಹೆಸರಿನಲ್ಲಿಯೇ ಅದರ ಉದ್ದೇಶವಿದೆ. ವಂಚನೆಯನ್ನೂ ಸುಳ್ಳುಸಾಕ್ಷಿಯನ್ನೂ ತಡೆಯುವ ಕಾಯ್ದೆ ಅದು. ಭೂಮಿಯ ಮಾರಾಟವು ಬರವಣಿಗೆಯಲ್ಲಿದ್ದು, ಅದಕ್ಕೆ ಬದ್ಧರಾಗಬೇಕಾದವರ ಸಹಿ ಇದ್ದರೆ ಮಾತ್ರ ನ್ಯಾಯಾಲಯ ಅದನ್ನು ಜಾರಿಗೊಳಿಸುತ್ತದೆ ಎಂದು ಅದು ಹೇಳಿತು, ಮೂರು ವರ್ಷ ಮೀರದ ಬಾಡಿಗೆಯನ್ನು ಮಾತ್ರ ಈ ಕಟ್ಟಿನಿಂದ ಬಿಟ್ಟಿತು. ಸಣ್ಣ ಅವಧಿಯ ಬಾಡಿಗೆಗೆ ಸಿಕ್ಕ ಈ ರಿಯಾಯಿತಿ ಬೇರೆ ಬೇರೆ ರೂಪದಲ್ಲಿ ಅನೇಕ ದೇಶಗಳ ಕಾನೂನಿನಲ್ಲಿ ಉಳಿದುಕೊಂಡಿದೆ. ಭಾರತದ 1908ರ ನೋಂದಣಿ ಕಾಯ್ದೆಯು ಒಂದು ವರ್ಷ ಮೀರುವ ಗೇಣಿಗೆ ನೋಂದಣಿಯನ್ನು ಕಡ್ಡಾಯ ಮಾಡಿದ್ದರಿಂದಲೇ ಹನ್ನೊಂದು ತಿಂಗಳ ಬಾಡಿಗೆ ಕರಾರು ಎಂಬುದು ಹುಟ್ಟಿಕೊಂಡಿತು.

ಆದರೆ ಬರೆದಿಡುವುದು ಒಂದು, ಬರೆದದ್ದಕ್ಕೆ ಹೊಣೆಯಾಗುವುದು ಇನ್ನೊಂದು. ಜಗತ್ತಿನ ನೋಂದಣಿ ವ್ಯವಸ್ಥೆಗಳಲ್ಲಿ ಒಂದು ದೊಡ್ಡ ವರ್ಗವು ದಾಖಲೆಯನ್ನು ನೋಂದಾಯಿಸುತ್ತದೆಯೇ ಹೊರತು ಹಕ್ಕನ್ನಲ್ಲ. ಇಂಥವರು ಇಂಥವರಿಗೆ ಈ ಆಸ್ತಿಯನ್ನು ಮಾರಿದ್ದೇವೆಂದು ಬರೆದುಕೊಟ್ಟ ಪತ್ರವನ್ನು ಕಚೇರಿ ಸ್ವೀಕರಿಸುತ್ತದೆ, ಪ್ರತಿಯನ್ನು ಇಟ್ಟುಕೊಳ್ಳುತ್ತದೆ, ಕೇಳಿದವರಿಗೆ ತೋರಿಸುತ್ತದೆ. ಮಾರಿದವರಿಗೆ ಮಾರುವ ಹಕ್ಕಿತ್ತೇ ಎಂಬುದಕ್ಕೆ ಅದು ಖಾತರಿ ಕೊಡುವುದಿಲ್ಲ. ಭಾರತದ ವ್ಯವಸ್ಥೆ ಈ ಬಗೆಯದು, ಅಮೆರಿಕದ ಬಹುಪಾಲು ರಾಜ್ಯಗಳದ್ದೂ ಇದೇ ಬಗೆಯದು. ಇಂಥ ಕಡೆ ದೊರೆಯುವ ಋಣಭಾರ ಪ್ರಮಾಣಪತ್ರವನ್ನು ಜನ ಋಣವೇ ಇಲ್ಲವೆಂಬ ಭರವಸೆಯೆಂದು ಓದುತ್ತಾರೆ. ಅದು ಹೇಳುವುದು ಇಷ್ಟೇ: ಈ ದಿನಾಂಕದಿಂದ ಆ ದಿನಾಂಕದವರೆಗೆ, ನಮ್ಮ ಕಚೇರಿಯ ವಹಿಯಲ್ಲಿ, ನೀವು ಕೊಟ್ಟ ವಿವರದ ಆಸ್ತಿಯ ಬಗ್ಗೆ ಈ ನಮೂದುಗಳು ಸಿಕ್ಕವು. ನೋಂದಣಿಯಾಗದ ಕರಾರು, ಉತ್ತರಾಧಿಕಾರದಿಂದ ಹುಟ್ಟಿದ ಪಾಲು, ಬಾಯಿಮಾತಿನಲ್ಲಿ ಆದ ವಿಭಾಗ, ಬಾಕಿ ಉಳಿದ ತೆರಿಗೆ ಇವಾವುವೂ ಆ ವಹಿಗೆ ಬಂದಿರಬೇಕೆಂದಿಲ್ಲ.

ಇಲ್ಲಿ ಒಂದು ಸಣ್ಣ ವಿಷಯವನ್ನು ಒತ್ತಿ ಹೇಳಬೇಕೆನಿಸುತ್ತದೆ, ಏಕೆಂದರೆ ಅದನ್ನು ಹೆಚ್ಚು ಜನ ಗಮನಿಸುವುದಿಲ್ಲ. ಮೂಲ ಹಕ್ಕುಪತ್ರಗಳನ್ನು ಸಾಲ ಕೊಡುವವರ ಬಳಿ ಇಟ್ಟು, ಬೇರೆ ಬರವಣಿಗೆಯಿಲ್ಲದೆ ಅಡಮಾನ ಮಾಡುವ ಪದ್ಧತಿಯನ್ನು ಇಂಗ್ಲಿಷ್ ಕಾನೂನು ಪರಂಪರೆ ಬಹುಕಾಲ ಒಪ್ಪಿಕೊಂಡು ಬಂದಿತ್ತು, ಭಾರತದ ಕಾನೂನೂ ಅದನ್ನು ಮಾನ್ಯ ಮಾಡಿದೆ. ಇಂಥ ಅಡಮಾನದ ಕುರುಹು ನೋಂದಣಿ ವಹಿಯಲ್ಲಿ ಇಲ್ಲದೆಯೂ ಇರಬಹುದು. ಆದ್ದರಿಂದ ಮಾರುವವರು ಸ್ಪಷ್ಟವಾದ ನೆರಳಚ್ಚು ಪ್ರತಿಗಳನ್ನು ಹರವಿ, ಮೂಲಪತ್ರ ಊರಲ್ಲಿದೆ, ಅಣ್ಣನ ಹತ್ತಿರ ಇದೆ, ಬೀರುವಿನಲ್ಲಿದೆ ಎಂದಾಗ, ವಹಿಯಲ್ಲಿ ಏನೂ ಇಲ್ಲವೆಂಬ ಪ್ರಮಾಣಪತ್ರಕ್ಕಿಂತ ಮೂಲಪತ್ರ ಕಣ್ಣೆದುರಿಗೆ ಇಲ್ಲವೆಂಬ ಸಂಗತಿಯೇ ಹೆಚ್ಚನ್ನು ಹೇಳುತ್ತಿರುತ್ತದೆ.

ದಾಖಲೆಯನ್ನು ನೋಡಿ ಅಭಿಪ್ರಾಯ ಹೇಳಿದವರು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1868ರಲ್ಲಿ ತೀರ್ಮಾನವಾದ ವಾಟ್ಸನ್ ಮತ್ತು ಮ್ಯೂರ್‌ಹೆಡ್ ನಡುವಿನ ಪ್ರಕರಣ ಪ್ರಸಿದ್ಧ ಉದಾಹರಣೆ. ಮ್ಯೂರ್‌ಹೆಡ್ ಆಸ್ತಿಯ ಕಾಗದಪತ್ರಗಳನ್ನು ಪರಿಶೀಲಿಸುವ ವೃತ್ತಿಯವನು. ಆಸ್ತಿಗೆ ಅಂಟಿಕೊಳ್ಳಬಹುದಾದ ನ್ಯಾಯಾಲಯದ ತೀರ್ಪೊಂದು ಅವನ ಕಣ್ಣಿಗೆ ಬಿದ್ದಿತ್ತು; ವಕೀಲರ ಸಲಹೆಯನ್ನು ಕೇಳಿ, ಅದು ಆಸ್ತಿಯ ಮೇಲಿನ ಋಣವಲ್ಲವೆಂದು ಭಾವಿಸಿ ಮುಂದುವರಿದ. ಅದು ಋಣವೇ ಆಗಿತ್ತು. ಕೊಂಡ ವಾಟ್ಸನ್ ಹಣ ಕಳೆದುಕೊಂಡ, ಪರಿಹಾರ ಕೇಳಿ ನ್ಯಾಯಾಲಯಕ್ಕೆ ಹೋದ. ಪರಿಶೀಲಿಸಿದವನು ಅಸಡ್ಡೆ ಮಾಡಿಲ್ಲ, ತಿಳಿದವರ ಸಲಹೆಯಂತೆ ಪ್ರಾಮಾಣಿಕವಾಗಿ ನಡೆದಿದ್ದಾನೆ, ಆದ್ದರಿಂದ ಅವನು ಹೊಣೆಯಲ್ಲವೆಂದು ನ್ಯಾಯಾಲಯ ಹೇಳಿತು. ಕಾನೂನಿನ ದೃಷ್ಟಿಯಿಂದ ಇದು ಸರಿಯಾದ ತೀರ್ಪೇ ಇರಬೇಕು. ಆದರೆ ಯಾರದೂ ತಪ್ಪಿಲ್ಲದೆ ಒಬ್ಬನ ಹಣ ಹೋಗುವುದಾದರೆ ವ್ಯವಹಾರ ನಡೆಯುವುದಾದರೂ ಹೇಗೆ? 1874ರಲ್ಲಿ ಆ ರಾಜ್ಯದ ಶಾಸನಸಭೆ ಹಕ್ಕಿನ ವಿಮೆಗೆ ಅವಕಾಶ ಕೊಡುವ ಕಾಯ್ದೆ ಮಾಡಿತು, 1876ರಲ್ಲಿ ಫಿಲಡೆಲ್ಫಿಯಾದಲ್ಲಿ ಅದಕ್ಕೆಂದೇ ಮೊದಲ ಕಂಪನಿ ಸ್ಥಾಪನೆಯಾಯಿತು. ಕಾಗದದ ಮೇಲಿನ ಅಭಿಪ್ರಾಯದ ಹಿಂದೆ ಹಣದ ಚೀಲವೊಂದು ನಿಂತಿತು.

ಬೇರೆ ವಿಮೆಗಳೆಲ್ಲ ಮುಂದೆ ಆಗಬಹುದಾದ ಅನಾಹುತಕ್ಕೆ ಇದ್ದರೆ, ಹಕ್ಕಿನ ವಿಮೆ ಹಿಂದೆ ಆಗಿಹೋಗಿ ಇನ್ನೂ ಬೆಳಕಿಗೆ ಬಾರದ ದೋಷಕ್ಕೆ ಇರುವುದು. ಕಂತನ್ನು ಸಾಮಾನ್ಯವಾಗಿ ಒಂದೇ ಬಾರಿ, ಕೊಳ್ಳುವ ದಿನ ಕಟ್ಟುತ್ತಾರೆ. ಈ ಪಾಲಿಸಿಯಲ್ಲಿ ನಾನು ಮೊದಲು ಓದುವುದು ಅದು ಏನನ್ನು ಭರಿಸುತ್ತದೆ ಎಂಬ ಭಾಗವನ್ನಲ್ಲ, ಯಾವುದನ್ನು ಭರಿಸುವುದಿಲ್ಲ ಎಂಬ ಪಟ್ಟಿಯನ್ನು. ವಿಮೆ ಮಾಡುವವರು ದಾಖಲೆಗಳನ್ನು ಹುಡುಕಿ ಕಂಡುಕೊಂಡ ದೋಷಗಳೆಲ್ಲ ಆ ಪಟ್ಟಿಯಲ್ಲಿಯೇ ಬಂದು ಕುಳಿತಿರುತ್ತವೆ, ಏಕೆಂದರೆ ಗೊತ್ತಿರುವ ಬೆಂಕಿಗೆ ಯಾರೂ ವಿಮೆ ಕೊಡುವುದಿಲ್ಲ. ಆಸ್ತಿಯ ನಿಜವಾದ ಜಾತಕ ಆ ಪುಟದಲ್ಲಿರುತ್ತದೆ.

ಈ ಸಮಸ್ಯೆಗೆ ಇನ್ನೊಂದು ದಾರಿ ಹುಡುಕಿದ್ದು ದಕ್ಷಿಣ ಆಸ್ಟ್ರೇಲಿಯಾ. ರಾಬರ್ಟ್ ಟೊರೆನ್ಸ್ ಎಂಬ ಐರಿಷ್ ಮೂಲದ ಅಧಿಕಾರಿ ಅಲ್ಲಿ ಸುಂಕದ ಇಲಾಖೆಯಲ್ಲಿದ್ದವನು; ಹಡಗುಗಳ ಒಡೆತನವನ್ನು ಒಂದು ವಹಿಯಲ್ಲಿ ಸರಳವಾಗಿ ನಮೂದಿಸುವ ಕ್ರಮ ಅವನಿಗೆ ಗೊತ್ತಿತ್ತು. 1858ರಲ್ಲಿ ಅವನ ಪ್ರಯತ್ನದಿಂದ ಬಂದ ಕಾಯ್ದೆ ಭೂಮಿಗೂ ಅಂಥದ್ದೇ ವಹಿಯನ್ನು ತಂದಿತು. ಹಿಂದಿನ ಕ್ರಯಪತ್ರಗಳ ಸರಪಳಿಯನ್ನು ತಲೆಮಾರುಗಳಷ್ಟು ಹಿಂದಕ್ಕೆ ಹುಡುಕುವ ಅಗತ್ಯವಿಲ್ಲ. ವಹಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಯಾವ ಋಣ ನಮೂದಾಗಿದೆಯೋ ಅದೇ ಋಣ, ವ್ಯವಸ್ಥೆಯ ತಪ್ಪಿನಿಂದ ಯಾರಾದರೂ ಹಕ್ಕು ಕಳೆದುಕೊಂಡರೆ ಅದಕ್ಕೆಂದು ಇಟ್ಟ ನಿಧಿಯಿಂದ ಪರಿಹಾರ. ಕೊನೆಯ ಮಾತು ಇಲ್ಲದಿದ್ದರೆ ಮೊದಲ ಎರಡಕ್ಕೆ ಅಷ್ಟು ಬೆಲೆ ಇರುತ್ತಿರಲಿಲ್ಲ. ವ್ಯವಸ್ಥೆ ಆಸ್ಟ್ರೇಲಿಯಾದ ಇತರ ವಸಾಹತುಗಳಿಗೆ, ನ್ಯೂಜಿಲೆಂಡಿಗೆ, ಮುಂದೆ ಮಲೇಷ್ಯಾ, ಸಿಂಗಪುರಗಳಿಗೂ ಹರಡಿತು.

ಖಚಿತತೆಗೂ ಬೆಲೆ ತೆರಬೇಕಾಗುತ್ತದೆ ಎಂಬುದನ್ನು ನ್ಯೂಜಿಲೆಂಡಿನ ಫ್ರೇಜರ್ ಮತ್ತು ವಾಕರ್ ಪ್ರಕರಣ ತೋರಿಸಿತು. ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿದ್ದ ಆಸ್ತಿಯನ್ನು ಹೆಂಡತಿಯು ಗಂಡನ ಸಹಿಯನ್ನು ನಕಲು ಮಾಡಿ ಅಡಮಾನವಿಟ್ಟಳು. ಸಾಲ ತೀರಲಿಲ್ಲ, ಸಾಲ ಕೊಟ್ಟವರು ಆಸ್ತಿಯನ್ನು ವಾಕರ್ ಎಂಬಾತನಿಗೆ ಮಾರಿದರು. ಗಂಡನಿಗೆ ಇದಾವುದರ ಅರಿವೂ ಇರಲಿಲ್ಲ. ಆಗ ನ್ಯೂಜಿಲೆಂಡಿಗೂ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1967ರಲ್ಲಿ ಕೊಟ್ಟ ತೀರ್ಪಿನಂತೆ, ವಂಚನೆಯಲ್ಲಿ ಭಾಗಿಯಲ್ಲದ ವಾಕರ್ ವಹಿಯಲ್ಲಿ ಹೆಸರು ಪಡೆದ ಮೇಲೆ ಆ ಆಸ್ತಿ ಅವನದೇ. ಹಳೆಯ ವ್ಯವಸ್ಥೆಯಲ್ಲಾದರೆ ನಕಲಿ ಸಹಿಯಿಂದ ಹುಟ್ಟಿದ ಹಕ್ಕು ಹಕ್ಕೇ ಅಲ್ಲ, ಕೊಂಡವನೇ ಬರಿಗೈಯಾಗುತ್ತಿದ್ದ. ಕೊಳ್ಳುವವರಿಗೆ ಅಭಯ ಕೊಡುವ ವಹಿ ಕೆಲವೊಮ್ಮೆ ಮೊದಲಿನ ಮಾಲೀಕರಿಂದ ಮನೆಯನ್ನು ಕಿತ್ತುಕೊಳ್ಳುತ್ತದೆ. ಹೂಡಿಕೆದಾರನಾಗಿ ನನಗೆ ಆ ವಹಿಯೇ ಇಷ್ಟ. ಮಾಲೀಕನಾದ ಮರುದಿನದಿಂದ ಅದೇ ವಹಿಯನ್ನು ಆಗಾಗ ತೆರೆದು ನೋಡುತ್ತಿರುವುದೂ ನನ್ನ ಕೆಲಸವೇ ಆಗುತ್ತದೆ.

ಇಂಥ ವ್ಯವಸ್ಥೆಯಲ್ಲಿ ಕೈಯಲ್ಲಿರುವ ಕಾಗದಕ್ಕಿಂತ ವಹಿಯೇ ಮುಖ್ಯ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯವು 2021ರ ಅಕ್ಟೋಬರ್ 11ರಿಂದ ಕಾಗದದ ಹಕ್ಕುಪತ್ರಗಳನ್ನು ಸಂಪೂರ್ಣವಾಗಿ ರದ್ದು ಮಾಡಿತು. ಅಲ್ಲಿಯವರೆಗೆ ಜನ ಭದ್ರವಾಗಿ ಎತ್ತಿಟ್ಟುಕೊಂಡಿದ್ದ ಪತ್ರಗಳಿಗೆ ಆ ದಿನದಿಂದ ಕಾನೂನಿನ ಬೆಲೆಯಿಲ್ಲ.

ಹಕ್ಕಿನ ಮಾತು ಇಷ್ಟಾದರೆ, ಕಟ್ಟಡದ ಕಾಗದಗಳದ್ದು ಬೇರೆಯೇ ಲೋಕ. ಭೂಮಿ ನನ್ನದೆಂಬುದು ಅದರ ಮೇಲೆ ನಿಂತಿರುವ ಕಟ್ಟಡ ಕಾನೂನುಬದ್ಧ ಎಂಬುದಕ್ಕೆ ಸಾಕ್ಷಿಯಲ್ಲ. ನಕ್ಷೆಗೆ ಕೊಟ್ಟ ಮಂಜೂರಾತಿ ಕಟ್ಟಲು ಕೊಟ್ಟ ಅನುಮತಿ ಮಾತ್ರ. ಕಟ್ಟಿದ್ದು ಆ ನಕ್ಷೆಯಂತೆಯೇ ಇದೆ, ಜನ ಇದರಲ್ಲಿ ವಾಸಿಸಬಹುದು ಎಂದು ಹೇಳುವುದು ಸ್ವಾಧೀನಾನುಭವ ಪ್ರಮಾಣಪತ್ರ, ಎಲ್ಲರೂ ಓಸಿ ಎಂದು ಕರೆಯುವುದು. ಬಾಡಿಗೆಗೆ ಕೊಡುವ ಉದ್ದೇಶವಿದ್ದರೆ ಇದರಲ್ಲಿ ಓದಬೇಕಾದದ್ದು ಬಳಕೆಯ ವಿವರ: ಎಷ್ಟು ಕುಟುಂಬಗಳಿಗೆ, ಯಾವ ಮಹಡಿಯಲ್ಲಿ, ವಾಸಕ್ಕೋ ವ್ಯಾಪಾರಕ್ಕೋ. ನೆಲಮಾಳಿಗೆ ಸಾಮಾನು ಇಡುವ ಜಾಗವೆಂದು ನಮೂದಾಗಿದ್ದರೆ, ಅಲ್ಲಿ ಎಷ್ಟು ಅಚ್ಚುಕಟ್ಟಾದ ಮನೆ ಮಾಡಿದ್ದರೂ, ಎಷ್ಟು ಬಾಡಿಗೆ ಬರುತ್ತಿದ್ದರೂ, ಆ ಬಾಡಿಗೆಯನ್ನು ಆಸ್ತಿಯ ಬೆಲೆಯ ಲೆಕ್ಕಕ್ಕೆ ಸೇರಿಸುವುದು ಜಾಣತನವಲ್ಲ. ನ್ಯೂಯಾರ್ಕ್ ನಗರದಲ್ಲಿ 1938ಕ್ಕಿಂತ ಮೊದಲು ಕಟ್ಟಿದ ಕಟ್ಟಡಗಳಿಗೆ, ಆಮೇಲೆ ಅವುಗಳ ಬಳಕೆಯೋ ಹೊರದಾರಿಯೋ ಬದಲಾಗಿಲ್ಲದಿದ್ದರೆ, ಈ ಪ್ರಮಾಣಪತ್ರ ಇರಲೇಬೇಕೆಂದಿಲ್ಲ. ಹಾಗಾಗಿ ಪತ್ರ ಇಲ್ಲವೆಂದ ಮಾತ್ರಕ್ಕೆ ಕಟ್ಟಡ ಅಕ್ರಮವೆಂದಾಗುವುದಿಲ್ಲ, ಪತ್ರ ಇದೆಯೆಂದ ಮಾತ್ರಕ್ಕೆ ಇಂದಿನ ಬಳಕೆ ಸಕ್ರಮವೆಂದೂ ಆಗುವುದಿಲ್ಲ.

ಹೊಣೆಗಾರಿಕೆಯ ವಿಷಯದಲ್ಲಿ ನನಗೆ ಅತ್ಯಂತ ಕುತೂಹಲಕರವೆನಿಸುವುದು ಫ್ರಾನ್ಸ್. ಅಲ್ಲಿ ಮನೆ ಮಾರುವವರು ತಾಂತ್ರಿಕ ತಪಾಸಣೆಗಳ ಒಂದು ಕಟ್ಟನ್ನೇ ಕೊಡಬೇಕು: 1949ಕ್ಕಿಂತ ಹಳೆಯ ಮನೆಯಾದರೆ ಬಣ್ಣದಲ್ಲಿನ ಸೀಸದ ವರದಿ, 1997ರ ಜುಲೈಗೆ ಮೊದಲು ಅನುಮತಿ ಪಡೆದದ್ದಾದರೆ ಕಲ್ನಾರಿನ (ಆಸ್‌ಬೆಸ್ಟಾಸ್) ವರದಿ, ಹದಿನೈದು ವರ್ಷ ದಾಟಿದ ವಿದ್ಯುತ್ ಮತ್ತು ಅನಿಲ ಜೋಡಣೆಗಳ ವರದಿ, ಗೆದ್ದಲಿನ ಕಾಟವೆಂದು ಘೋಷಿಸಿದ ಪ್ರದೇಶದಲ್ಲಿ ಅದರದೂ ಒಂದು. ಗೆದ್ದಲಿನ ವರದಿಗೆ ಆರೇ ತಿಂಗಳ ಆಯುಷ್ಯ, ಅದೂ ನ್ಯಾಯವೇ; ಗೆದ್ದಲು ಕಾಯುವುದಿಲ್ಲ. ಇವುಗಳ ಜೊತೆಗೆ, 1996ರ ಕಾರ್ರೇ ಕಾನೂನಿನಂತೆ, ಹಲವರ ಒಡೆತನದ ಕಟ್ಟಡದಲ್ಲಿ ಮನೆ ಮಾರುವಾಗ ವಿಸ್ತೀರ್ಣವನ್ನು ಪತ್ರದಲ್ಲಿ ಬರೆಯಲೇಬೇಕು. 1.80 ಮೀಟರಿಗಿಂತ ತಗ್ಗಾದ ಸೂರಿನ ಕೆಳಗಿನ ಜಾಗ ಲೆಕ್ಕಕ್ಕೆ ಬರುವುದಿಲ್ಲ. ನಿಜವಾದ ಅಳತೆ ಬರೆದದ್ದಕ್ಕಿಂತ ಶೇ 5ಕ್ಕೂ ಹೆಚ್ಚು ಕಡಿಮೆಯಿದ್ದರೆ ಕೊಂಡವರು ಒಂದು ವರ್ಷದೊಳಗೆ ದಾವೆ ಹೂಡಿ ಬೆಲೆಯಲ್ಲಿ ಅಷ್ಟನ್ನು ಹಿಂದಕ್ಕೆ ಪಡೆಯಬಹುದು. ಅಳತೆಯ ಕಾಗದವೊಂದು ಇಷ್ಟು ಗಟ್ಟಿಯಾಗಿ ಮಾತನಾಡುವುದನ್ನು ನಾನು ಬೇರೆ ಕಡೆ ಹೆಚ್ಚು ಕಂಡಿಲ್ಲ.

ಅದೇ ದೇಶದ ಇಂಧನ ಪ್ರಮಾಣಪತ್ರದ ಕಥೆಯೂ ಇದಕ್ಕೆ ಸೇರುವಂಥದ್ದು. ಕಟ್ಟಡವನ್ನು ಮಾರುವಾಗ ಅಥವಾ ಬಾಡಿಗೆಗೆ ಕೊಡುವಾಗ ಅದರ ಇಂಧನ ಬಳಕೆಯ ಪ್ರಮಾಣಪತ್ರವನ್ನು ತೋರಿಸಬೇಕೆಂದು ಐರೋಪ್ಯ ಒಕ್ಕೂಟವು 2002ರ ನಿರ್ದೇಶನದಲ್ಲಿ ಹೇಳಿತು. ಎ ಯಿಂದ ಜಿ ವರೆಗೆ ದರ್ಜೆ, ಹೆಚ್ಚೆಂದರೆ ಹತ್ತು ವರ್ಷದ ಅವಧಿ. ಬಹುಕಾಲ ಇದು ತಿಳಿವಳಿಕೆಗಾಗಿ ಕೊಡುವ ಕಾಗದವಾಗಿತ್ತು, ಯಾರೂ ಅದನ್ನು ಗಂಭೀರವಾಗಿ ಓದುತ್ತಿರಲಿಲ್ಲ. ಫ್ರಾನ್ಸಿನಲ್ಲಿ 2021ರ ಜುಲೈ 1ರಿಂದ ಅದನ್ನು ಕೊಂಡವರೂ ಬಾಡಿಗೆಗೆ ಬಂದವರೂ ಮಾಲೀಕರ ವಿರುದ್ಧ ಬಳಸಬಹುದಾದ ದಾಖಲೆಯನ್ನಾಗಿ ಮಾಡಲಾಯಿತು, 2025ರಿಂದ ಜಿ ದರ್ಜೆಯ ಮನೆಯನ್ನು ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲ ಎಂದಾಯಿತು. ಇಂಗ್ಲೆಂಡಿನಲ್ಲಿ 2018ರ ಏಪ್ರಿಲ್‌ನಿಂದ ಹೊಸ ಬಾಡಿಗೆಗೆ, 2020ರ ಏಪ್ರಿಲ್‌ನಿಂದ ನಡೆಯುತ್ತಿರುವ ವಾಸದ ಬಾಡಿಗೆಗೂ, ಕಾನೂನು ಒಪ್ಪುವ ವಿನಾಯಿತಿ ಇಲ್ಲದಿದ್ದರೆ, ಕನಿಷ್ಠ ಇ ದರ್ಜೆ ಬೇಕು. ಹೀಗೆ ಅಲಂಕಾರದ ಕಾಗದವೊಂದು ಬಾಡಿಗೆಯ ಆದಾಯ ಇರುತ್ತದೋ ಇಲ್ಲವೋ ಎಂಬುದನ್ನೇ ನಿರ್ಧರಿಸುವ ಕಾಗದವಾಯಿತು. ಆದರೂ ಅದು ಉತ್ತರಿಸುವ ಪ್ರಶ್ನೆ ಚಿಕ್ಕದೇ. ಮಾದರಿ ಕುಟುಂಬವೊಂದು ಮಾದರಿ ರೀತಿಯಲ್ಲಿ ವಾಸಿಸಿದರೆ ಎಷ್ಟು ಇಂಧನ ಬೇಕು ಎಂಬ ಲೆಕ್ಕ ಅದು, ಅಲ್ಲಿ ನಿಜವಾಗಿ ಇರುವವರಿಗೆ ಬರುವ ಬಿಲ್ಲು ಅದಲ್ಲ.

ಕಾಗದ ಇಲ್ಲದಿರುವುದೇ ನಷ್ಟವಾಗುವ ಸಂದರ್ಭವೂ ಉಂಟು. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಹೊತ್ತಿ ಉರಿದು 72 ಜನ ಸತ್ತರು. ಹೊರಗೋಡೆಗೆ ಹೊದಿಸಿದ್ದ ಹಲಗೆಗಳ ಮೂಲಕ ಬೆಂಕಿ ಮೇಲಕ್ಕೇರಿತ್ತು. ಆಮೇಲೆ ಎತ್ತರದ ಕಟ್ಟಡಗಳ ಮನೆಗಳಿಗೆ ಬೆಲೆ ಕಟ್ಟುವುದು ಹೇಗೆಂಬ ಗೊಂದಲವಾಗಿ, ಸಾಲ ಕೊಡುವವರು ಮತ್ತು ಬೆಲೆ ಕಟ್ಟುವವರ ಸಂಸ್ಥೆಗಳು ಸೇರಿ 2019ರ ಡಿಸೆಂಬರ್‌ನಲ್ಲಿ ಹೊರಗೋಡೆಯ ತಪಾಸಣೆಗೆಂದು ಇಡಬ್ಲ್ಯೂಎಸ್1 ಎಂಬ ನಮೂನೆಯನ್ನು ತಂದವು. ಅದು ಕಾನೂನು ಕೇಳಿದ ಪ್ರಮಾಣಪತ್ರವಲ್ಲ, ಸಾಲದ ಅನುಕೂಲಕ್ಕೆ ಮಾಡಿಕೊಂಡದ್ದು. ಸಹಿ ಹಾಕಬಲ್ಲ ಅರ್ಹ ತಜ್ಞರು ಕಡಿಮೆ, ಹಾಕಿದರೆ ಬರಬಹುದಾದ ಹೊಣೆಗೆ ವಿಮೆ ಸಿಗುವುದೂ ಕಷ್ಟ. ನಮೂನೆ ಸಿಗದ ಮನೆಗಳಿಗೆ ಸಾಲದ ಉದ್ದೇಶಕ್ಕೆ ಸೊನ್ನೆ ಬೆಲೆ ಬರೆದದ್ದೂ ಇದೆ. ಗೋಡೆ ಸುರಕ್ಷಿತವೋ ಅಲ್ಲವೋ ಎಂಬುದು ಹಿಂದೆ ಸರಿಯಿತು, ಅದನ್ನು ಸಹಿ ಹಾಕಿ ಹೇಳಲು ಯಾರು ಸಿದ್ಧ ಎಂಬುದಷ್ಟೇ ಉಳಿಯಿತು. ಆ ಸಹಿಗೆ ಬೆಲೆ ಬಂದದ್ದೇ ಹೊಣೆಯ ಭಯದಿಂದ.

ವಿರುದ್ಧ ದಿಕ್ಕಿನ ಉದಾಹರಣೆ ಅಮೆರಿಕದ ಫ್ಲಾರಿಡಾದ ಸರ್ಫ್‌ಸೈಡ್. ಅಲ್ಲಿನ ಚಾಂಪ್ಲೇನ್ ಟವರ್ಸ್ ಸೌತ್ ಎಂಬ ವಸತಿ ಕಟ್ಟಡ 2021ರ ಜೂನ್ 24ರಂದು ಕುಸಿದು 98 ಜನ ಸತ್ತರು. ನಲವತ್ತು ವರ್ಷಕ್ಕೆ ಆಗಬೇಕಾದ ಮರುಪ್ರಮಾಣೀಕರಣದ ಸಿದ್ಧತೆಯಲ್ಲಿ ಎಂಜಿನಿಯರೊಬ್ಬರು 2018ರಲ್ಲಿಯೇ ಈಜುಕೊಳದ ಅಂಗಳದ ಕೆಳಗಿನ ಕಾಂಕ್ರೀಟಿಗೆ ಆಗಿದ್ದ ದೊಡ್ಡ ಹಾನಿಯನ್ನು ಬರೆದಿಟ್ಟಿದ್ದರು. ಕಾಗದ ಸತ್ಯವನ್ನೇ ಹೇಳಿತ್ತು, ಕೆಲಸ ಮಾತ್ರ ಸಮಯಕ್ಕೆ ಆಗಲಿಲ್ಲ. ಫ್ಲ್ಯಾಟ್ ಕೊಳ್ಳುವವರು ತಮ್ಮ ಮನೆಯ ಕಡತವನ್ನು ಮಾತ್ರ ನೋಡಿ ಸುಮ್ಮನಾಗುತ್ತಾರೆ. ಸಂಘದ ಸಭೆಯ ನಡಾವಳಿ, ದುರಸ್ತಿಗೆಂದು ಎತ್ತಿಟ್ಟ ನಿಧಿಯ ಲೆಕ್ಕ, ಇಡೀ ಕಟ್ಟಡದ ಮೇಲಿನ ಎಂಜಿನಿಯರ್ ವರದಿ ಇವುಗಳನ್ನು ಕೇಳಿ ಪಡೆದು ಓದುವುದು ಬೇಸರದ ಕೆಲಸ, ನಿಜ. ಫ್ಲ್ಯಾಟಿನ ಮುಂದಿನ ದೊಡ್ಡ ಖರ್ಚು ಯಾವಾಗಲೂ ಅಲ್ಲಿಯೇ ಮೊದಲು ಕಾಣಿಸಿಕೊಳ್ಳುತ್ತದೆ.

ಇನ್ನು ಬಾಡಿಗೆಗೆ ಬಂದರೆ, ಮಾಲೀಕರ ಸ್ಥಾನ ತಿರುಗುಮುರುಗಾಗುತ್ತದೆ. ಕೊಳ್ಳುವಾಗ ಬೇರೆಯವರ ಕಾಗದವನ್ನು ಅನುಮಾನದಿಂದ ಓದಿದವರು ಈಗ ತಾವೇ ಕಾಗದ ಕೊಡುವವರು, ತಪ್ಪಿದರೆ ನಷ್ಟ ತುಂಬಬೇಕಾದವರೂ ತಾವೇ. ಇಂಗ್ಲೆಂಡಿನಲ್ಲಿ ಬಾಡಿಗೆ ಮನೆಯ ಅನಿಲ ಉಪಕರಣಗಳನ್ನು ಪ್ರತಿ ವರ್ಷ ನೋಂದಾಯಿತ ಎಂಜಿನಿಯರಿಂದ ಪರೀಕ್ಷಿಸಿ ಅದರ ದಾಖಲೆಯನ್ನು ಬಾಡಿಗೆದಾರರಿಗೆ ಕೊಡಬೇಕು. ವಿದ್ಯುತ್ ಜೋಡಣೆಯನ್ನು ಕನಿಷ್ಠ ಐದು ವರ್ಷಕ್ಕೊಮ್ಮೆ. ಕಾರಣ ಹೇಳದೆ ಮನೆ ಬಿಡಿಸುವ ನೋಟಿಸನ್ನು ಕೊಡಲು ಅನಿಲ ತಪಾಸಣೆಯ ದಾಖಲೆ ಕೊಟ್ಟಿರಬೇಕೆಂಬ ನಿಯಮ 2015ರಲ್ಲಿ ಬಂದಾಗ ಒಂದು ವಿಚಿತ್ರ ಪ್ರಶ್ನೆ ಎದ್ದಿತು. ಬಾಡಿಗೆದಾರರು ಒಳಗೆ ಬರುವ ಮೊದಲು ಕೊಡಬೇಕಾದದ್ದನ್ನು ಆಮೇಲೆ ಕೊಟ್ಟರೆ ನಡೆಯುತ್ತದೆಯೇ? ನಡೆಯುವುದಿಲ್ಲ, ತಪ್ಪಿದ ಗಳಿಗೆ ತಪ್ಪಿದಂತೆಯೇ ಎಂದು 2018ರಲ್ಲಿ ಕೆಳ ನ್ಯಾಯಾಲಯವೊಂದು ಹೇಳಿತು. 2020ರಲ್ಲಿ ಟ್ರೆಕರೆಲ್ ಹೌಸ್ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ ಬಹುಮತದಿಂದ, ನೋಟಿಸಿಗೆ ಮೊದಲು ಕೊಟ್ಟಿದ್ದರೆ ಸಾಕು ಎಂದಿತು. ಈ ನಡುವಿನ ಅವಧಿಯಲ್ಲಿ, ತಪಾಸಣೆಯನ್ನು ಸರಿಯಾಗಿ ಮಾಡಿಸಿದ್ದರೂ ಪ್ರತಿಯನ್ನು ಸಮಯಕ್ಕೆ ಕೈಗೆ ಕೊಡದ ಮಾಲೀಕರು ತಮ್ಮ ಮನೆಯ ಮೇಲಿನ ಒಂದು ಹಕ್ಕನ್ನೇ ಶಾಶ್ವತವಾಗಿ ಕಳೆದುಕೊಂಡಂತೆ ಕಂಡಿತ್ತು. ತಪಾಸಣೆಯಷ್ಟೇ ಅಲ್ಲ, ಕೊಟ್ಟೆನೆಂಬುದಕ್ಕೆ ಸಹಿಯೂ ದಿನಾಂಕವೂ ಬೇಕು ಎಂಬುದು ಇದರಿಂದ ನಾನು ತೆಗೆದುಕೊಂಡ ಅಂಶ.

ಮುಂಗಡದ ವಿಷಯದಲ್ಲಿ ಜಗಳ ಹುಟ್ಟುವುದು ಸಾಮಾನ್ಯವಾಗಿ ಗೋಡೆಯ ಕಲೆಯಿಂದ. ಬಾಡಿಗೆದಾರರು ಬರುವ ದಿನ ಮನೆ ಹೇಗಿತ್ತೆಂಬುದನ್ನು ಇಬ್ಬರೂ ನಿಂತು ಬರೆದು ಸಹಿ ಮಾಡಿದ ಪಟ್ಟಿ ಇಲ್ಲದಿದ್ದರೆ, ಬಿಡುವ ದಿನದ ಮಾತೆಲ್ಲ ನೆನಪಿನ ಮಾತು. ಇಂಗ್ಲೆಂಡಿನಲ್ಲಿ 2007ರಿಂದ ಮುಂಗಡವನ್ನು ಮಾನ್ಯತೆ ಪಡೆದ ರಕ್ಷಣಾ ಯೋಜನೆಯ ಅಡಿಯಲ್ಲಿ ಇಡಬೇಕು. ಅವಧಿಯೊಳಗೆ ಹಾಗೆ ಮಾಡದ ಮಾಲೀಕರು ಆ ಮೊತ್ತದ ಮೂರು ಪಟ್ಟಿನವರೆಗೆ ತೆರಬೇಕಾಗಬಹುದು. ಹಣ ಬಾಡಿಗೆದಾರರದು, ಮಾಲೀಕರು ಅದನ್ನು ಕಾಯ್ದಿಡುವವರು ಎಂಬ ತಿಳಿವಳಿಕೆ ಕಾಗದಕ್ಕೆ ಇಳಿದದ್ದು ಒಳ್ಳೆಯದೇ ಆಯಿತು.

ಈಗಾಗಲೇ ಬಾಡಿಗೆದಾರರಿರುವ ಕಟ್ಟಡವನ್ನು ಕೊಳ್ಳುವಾಗ ಮಾರುವವರು ಬಾಡಿಗೆಯ ಪಟ್ಟಿಯೊಂದನ್ನು ಕೊಡುತ್ತಾರೆ. ಅದರಲ್ಲಿ ಪ್ರತಿ ಮಳಿಗೆ, ಪ್ರತಿ ಮನೆಯ ಎದುರು ಒಂದು ಮೊತ್ತ ಇರುತ್ತದೆ, ಕಟ್ಟಡದ ಬೆಲೆ ನಿಂತಿರುವುದೂ ಆ ಮೊತ್ತಗಳ ಮೇಲೆಯೇ. ಆದರೆ ಬರೆದವರು ಮಾರುವವರು. ವಾಣಿಜ್ಯ ಕಟ್ಟಡಗಳ ವ್ಯವಹಾರದಲ್ಲಿ, ಮುಖ್ಯವಾಗಿ ಅಮೆರಿಕದಲ್ಲಿ, ಇದಕ್ಕೆ ಒಂದು ಸೊಗಸಾದ ಉಪಾಯವಿದೆ. ಎಸ್ಟಾಪೆಲ್ ಪ್ರಮಾಣಪತ್ರ ಎಂಬ ಆ ಕಾಗದವನ್ನು ಬರೆದುಕೊಡುವವರು ಬಾಡಿಗೆದಾರರೇ: ನನ್ನ ಕರಾರು ಇಂಥ ದಿನದ್ದು, ಇದರ ಹೊರತು ಬೇರೆ ಒಪ್ಪಂದವಿಲ್ಲ, ಬಾಡಿಗೆ ಇಷ್ಟು, ಇಂಥ ತಿಂಗಳವರೆಗೆ ಕೊಟ್ಟಿದ್ದೇನೆ, ಮುಂಗಡ ಇಷ್ಟಿದೆ, ಮಾಲೀಕರಿಂದ ನನಗೆ ಬರಬೇಕಾದದ್ದು ಏನೂ ಇಲ್ಲ. ಅದನ್ನು ನಂಬಿ ಕೊಂಡವರ ಎದುರು ಬಾಡಿಗೆದಾರರು ಮುಂದೆ ಬೇರೆ ಕಥೆ ಹೇಳಲು ಬರುವುದಿಲ್ಲ. ಸುಳ್ಳಾದರೆ ನಷ್ಟ ಬರೆದುಕೊಟ್ಟವರದೇ ಆದ್ದರಿಂದ ಅವರು ಎಚ್ಚರದಿಂದ ಬರೆಯುತ್ತಾರೆ. ಮೂರು ತಿಂಗಳು ಬಾಡಿಗೆ ಬಿಟ್ಟುಕೊಡುವ ಮಾತು ಹಳೆಯ ಮಾಲೀಕರೊಂದಿಗೆ ಆಗಿತ್ತೆಂಬಂಥ ಸಂಗತಿಗಳು ಬೆಳಕಿಗೆ ಬರುವುದು ಇಲ್ಲಿಯೇ. ಸಣ್ಣ ಮನೆಗಳ ಖರೀದಿಯಲ್ಲಿ ಈ ಕ್ರಮ ಅಷ್ಟಾಗಿ ಇಲ್ಲ. ಹೆಸರು ಏನೇ ಇರಲಿ, ಬಾಡಿಗೆದಾರರಿಂದ ಒಂದು ಪುಟದ ಇಂಥ ಹೇಳಿಕೆಯನ್ನು ಪಡೆಯುವುದಕ್ಕೆ ಯಾವ ಅಡ್ಡಿಯೂ ಇಲ್ಲ, ಅದನ್ನು ಕೇಳಲು ಮಾರುವವರು ಹಿಂದೇಟು ಹಾಕಿದರೆ ಅದೂ ಒಂದು ಉತ್ತರವೇ.

ಇಟ್ಟುಕೊಳ್ಳುವ ಕ್ರಮದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಅವಧಿ ಮುಗಿಯುವ ಕಾಗದಗಳನ್ನೂ ಮುಗಿಯದ ಕಾಗದಗಳನ್ನೂ ನಾನು ಒಂದೇ ಕಡೆ ಇಡುವುದಿಲ್ಲ. ಮೊದಲನೆಯದರಲ್ಲಿ ವಿಷಯಕ್ಕಿಂತ ಮುಕ್ತಾಯದ ದಿನಾಂಕ ಮುಖ್ಯ, ಕಡತದ ಹೊದಿಕೆಯ ಮೇಲೆ ಅದನ್ನೇ ದೊಡ್ಡದಾಗಿ ಬರೆಯುತ್ತೇನೆ. ಎಷ್ಟು ಕಾಲ ಇಡಬೇಕೆಂಬುದನ್ನು ಕೆಲವು ಕಾನೂನುಗಳೇ ಹೇಳುತ್ತವೆ. ಅಮೆರಿಕದಲ್ಲಿ 1978ಕ್ಕೆ ಮೊದಲು ಕಟ್ಟಿದ ಮನೆಯನ್ನು ಮಾರುವವರೂ ಬಾಡಿಗೆಗೆ ಕೊಡುವವರೂ ಸೀಸದ ಬಣ್ಣದ ಬಗ್ಗೆ ತಮಗೆ ತಿಳಿದಿರುವುದನ್ನು ಬರೆದುಕೊಟ್ಟು, ಸಹಿಯಾದ ಪ್ರತಿಯನ್ನು ಮೂರು ವರ್ಷ ಕಾಯ್ದಿಡಬೇಕು. ಇಂಗ್ಲೆಂಡಿನ ಅನಿಲ ತಪಾಸಣೆಯ ದಾಖಲೆಯನ್ನು ಮುಂದಿನ ಎರಡು ತಪಾಸಣೆಗಳು ಮುಗಿಯುವವರೆಗೆ ಇಡಬೇಕು. ಮನೆಗೆ ಮಾಡಿದ ದೊಡ್ಡ ಖರ್ಚಿನ ರಸೀದಿಗಳನ್ನು ಮಾತ್ರ ಯಾವ ಕಾನೂನು ಹೇಳದಿದ್ದರೂ ಮಾರುವವರೆಗೆ, ಮಾರಿದ ಮೇಲೂ ಆ ವರ್ಷದ ತೆರಿಗೆಯ ಲೆಕ್ಕ ಮುಗಿಯುವವರೆಗೆ ಇಡಬೇಕು. ಹೊಸ ಮಹಡಿಗೋ ಹೊಸ ಕೋಣೆಗೋ ಮಾಡಿದ ಖರ್ಚನ್ನು ಮಾರಾಟದ ಲಾಭದಿಂದ ಕಳೆಯಲು ಅನೇಕ ದೇಶಗಳ ತೆರಿಗೆ ಕಾನೂನು ಬಿಡುತ್ತದೆ. ಲೆಕ್ಕ ನೋಡುವ ಅಧಿಕಾರಿ ಕೇಳುವುದು ರಸೀದಿಯನ್ನು, ಮಹಡಿಯನ್ನಲ್ಲ.